ಬಿಸಿಲಟ್ಟದ ಹೊಸ ಗೆರೆ

ನಮ್ಮೂರಿನಲ್ಲಿ ಚರ್ಮ ಹದ ಮಾಡುವ ಮನೆಗೂ ಮದುವೆಯ ಛತ್ರಕ್ಕೂ ನಡುವೆ ಇರುವುದು ಒಂದೇ ಗೋಡೆ. ಒಣಮೀನಿನ ಅಂಗಡಿಗೆ ಒರಗಿಕೊಂಡೇ ಹೂವಿನವಳು ಕೂರುತ್ತಾಳೆ. ಮಲ್ಲಿಗೆಯನ್ನು ನಾವು ಬಿಳುಪು ನೋಡಿ ಕೊಳ್ಳುತ್ತೇವೆ. ಹೊರಗಿನಿಂದ ಬರುವವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬರುತ್ತಾರೆ, ಊರಾಚೆಯ ಮೂಗುಕಲ್ಲು ದಾಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಕಲ್ಲಿನ ಈಚೆ ಯಾರಿಗೂ ವಾಸನೆ ತಿಳಿಯುವುದಿಲ್ಲ. ಹಸುಗೂಸಿಗಿಲ್ಲ, ಮುದುಕರಿಗಿಲ್ಲ, ನಾಯಿಗಳಿಗೂ ಇಲ್ಲ; ನಮ್ಮೂರ ನಾಯಿಗಳು ಮುಖ ನೋಡಿ ಗುರುತು ಹಿಡಿಯುತ್ತವೆ. ನಮಗೆ ಮೂಗಿರುವುದು ಉಸಿರಾಡಲು, ಮೂಗುತಿ ಹಾಕಲು, ಮತ್ತು ಪಕ್ಕದ ಮನೆಯ ವಿಷಯದಲ್ಲಿ ತೂರಿಸಲು.

ಇದರಿಂದ ಬಾಳು ನಿಂತಿದೆಯೇ? ಇಲ್ಲ. ಒಗ್ಗರಣೆ ಸೀದದ್ದು ಸಾಸಿವೆಯ ಬಣ್ಣದಲ್ಲಿ ಗೊತ್ತಾಗುತ್ತದೆ. ಸಾರು ಹಳಸಿದೆಯೋ ಇಲ್ಲವೋ ಎಂದು ಮನೆಯ ಹಿರಿಯರು ಮೊದಲು ನಾಲಗೆಗೆ ಹಚ್ಚಿ ನೋಡುತ್ತಾರೆ, ನಮ್ಮಲ್ಲಿ ಹಿರಿತನಕ್ಕೆ ಉಳಿದಿರುವ ಮುಖ್ಯ ಕೆಲಸ ಅದೇ. ಆದರೆ ಗಾಳಿಯನ್ನು ನಾಲಗೆಗೆ ಹಚ್ಚಿ ನೋಡಲಾಗುವುದಿಲ್ಲ. ಅದರಲ್ಲಿ ಏನು ಸೇರಿದೆ ಎಂದು ತಿಳಿಯಲು ನಮ್ಮ ಹಿರಿಯರು ಬಿಸಿಲಟ್ಟ ಕಟ್ಟಿದರು. ಅಲ್ಲಿ ಕೂರುವವಳು ನಾನು. ನನ್ನ ಹೆಸರು ನೀಲಾಂಬಿಕೆ ಎಂದು ನನಗೆ ನೆನಪಿದೆ, ಊರಿಗೆ ಮರೆತುಹೋಗಿದೆ. ಎಲ್ಲರಿಗೂ ನಾನು ಬಿಸಿಲಮ್ಮ. ನನಗಿಂತ ಮೊದಲು ನನ್ನ ಅತ್ತೆ ಬಿಸಿಲಮ್ಮನಾಗಿದ್ದರು. ಸೊಸೆಗೆ ಬೀಗದ ಕೈ ಕೊಡುವ ಮನೆಗಳನ್ನು ನೀವು ಕೇಳಿರಬಹುದು. ನನ್ನ ಅತ್ತೆ ಕೊಟ್ಟದ್ದು ಒಂದಾಳುದ್ದದ ತಾಮ್ರದ ನಳಿಗೆ.

ಹಳೆಯ ಪುರಸಭೆಯ ಮೇಲಿನ ಅಟ್ಟದಲ್ಲಿ ಆ ನಳಿಗೆಯನ್ನು ಮರದ ಕಾಲುಗಳ ಮೇಲೆ ಇಟ್ಟಿದೆ. ಅದರ ಬಾಯಿಯನ್ನು ಸೂರ್ಯನಿಗೆ ಹಿಡಿದರೆ ಬಿಸಿಲು ಸಣ್ಣ ಸೀಳಿನಿಂದ ಒಳಗೆ ಬಂದು, ತುದಿಯಲ್ಲಿರುವ ಮೂರುಮೂಲೆಯ ಗಾಜನ್ನು ಹಾದು, ಎದುರಿನ ಸುಣ್ಣದ ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿಯಾಗಿ ಬೀಳುತ್ತದೆ. ಪಟ್ಟಿಯಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ಗೆರೆಗಳಿರುತ್ತವೆ. ಬಿಸಿಲು ಕೆಳಗಿಳಿದು ಬರುವಾಗ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಅನಿಲವೂ ಸುಂಕದವನ ಹಾಗೆ ತನಗೆ ಬೇಕಾದ ಬಣ್ಣವನ್ನು ಒಂದು ಚಿಟಿಕೆ ಕಿತ್ತುಕೊಳ್ಳುತ್ತದೆ. ಕಿತ್ತ ಜಾಗ ಕಪ್ಪಗೆ ಕಾಣುತ್ತದೆ. ಯಾವ ಜಾಗದ ಬಣ್ಣ ಹೋಗಿದೆ ಎಂದು ನೋಡಿದರೆ ಕಿತ್ತವರು ಯಾರೆಂದು ಹೇಳಬಹುದು. ಲಾರಿಗಳ ಹೊಗೆಗೆ ನೀಲಿಯಲ್ಲಿ ಬಾಚಣಿಗೆಯ ಹಲ್ಲು. ಇಟ್ಟಿಗೆ ಗೂಡಿನ ಗಂಧಕಕ್ಕೆ ನೇರಳೆಯ ಅಂಚಿನಲ್ಲಿ ಮೆಟ್ಟಿಲು. ಸೂರ್ಯನವೇ ಆದ ಗೆರೆಗಳೂ ಕೆಲವಿವೆ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಹೆಣ್ಣುಮಕ್ಕಳು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ಕಷ್ಟದ ಕೆಲಸ ಇದು, ಹೆಚ್ಚೇನಲ್ಲ. ಕಲ್ಲು ಬಿಟ್ಟರೆ ಹಲ್ಲು ಹೋಗುತ್ತದೆ, ಗೆರೆ ಬಿಟ್ಟರೆ ಜೀವ ಹೋಗುತ್ತದೆ, ಅಷ್ಟೇ.

ಜೀವ ಹೋದದ್ದೂ ಉಂಟು. ಅತ್ತೆಯ ಕಾಲದಲ್ಲಿ ಮಂಜುಗಡ್ಡೆ ಕಾರ್ಖಾನೆಯ ಕೊಳವೆ ಬಿರುಕು ಬಿಟ್ಟು ಒಂದು ಬೀದಿಯ ಏಳು ಜನ ಮಲಗಿದಲ್ಲೇ ಹೋದರು. ಅತ್ತೆ ಹಿಂದಿನ ದಿನವೇ ಗೆರೆ ಕಂಡು ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಕಟ್ಟಳೆ ಬಂತು. ಗುರುತಿನ ವಿಷದ ಗೆರೆಯಾದರೆ ಕಂಡ ಕ್ಷಣವೇ ಗಂಟೆ ಬಾರಿಸಬೇಕು. ಗುರುತಿಲ್ಲದ ಹೊಸ ಗೆರೆಯಾದರೆ ಮೂರು ದಿನ ನೋಡಬೇಕು. ಮೂರನೆಯ ಸಂಜೆ ಪುರಸಭೆಯ ಅಧ್ಯಕ್ಷರು ಅಟ್ಟ ಹತ್ತಿ ಬಂದು ‘ಗೆರೆ ಯಾರದು?’ ಎಂದು ಕೇಳುತ್ತಾರೆ. ನಾನು ಒಂದು ಹೆಸರು ಹೇಳಬೇಕು. ಹೆಸರು ಬಂದವರ ಒಲೆಗೆ ಅಂದೇ ನೀರು. ಗೆರೆ ಎಷ್ಟು ದಿನ ಕಂಡಿತ್ತೋ ಅಷ್ಟು ತಿಂಗಳು ಆ ಒಲೆ ಹೊತ್ತುವಂತಿಲ್ಲ.

ಹೊಸ ಗೆರೆ ಕಂಡದ್ದು ಮುಂಗಾರು ಹೊಸಿಲಲ್ಲಿ ನಿಂತಿದ್ದ ವಾರದಲ್ಲಿ. ಬೆಳಿಗ್ಗೆ ಎರಡು ಗಂಟೆ ಬಿಸಿಲು, ಹತ್ತು ಹೊಡೆಯುವಷ್ಟರಲ್ಲಿ ಮೋಡ. ಅದಕ್ಕೆ ನಾಲ್ಕು ದಿನ ಮೊದಲು ನಳಿಗೆಯ ಒಳಗಿನ ಕಪ್ಪು ಬಟ್ಟೆ ಬದಲಾಯಿಸಿದ್ದೆ. ಹಳೆಯದು ಬೂದಿಯ ಬಣ್ಣಕ್ಕೆ ತಿರುಗಿ, ಒಳಗೆ ಬೆಳಕು ಚೆದರುತ್ತಿತ್ತು. ಹೊರಗಿನಿಂದ ಬಂದ ಒಳ್ಳೆಯ ಮಕಮಲ್ ಬಟ್ಟೆಯನ್ನು ಜವಳಿ ಅಂಗಡಿಯಿಂದ ತಂದೆ. ನಮ್ಮ ಯಜಮಾನರು ದರ್ಜಿ, ಅವರೇ ಅಳತೆ ತೆಗೆದು ಚೀಲದ ಹಾಗೆ ಹೊಲಿದುಕೊಟ್ಟರು. ಆ ಬೆಳಿಗ್ಗೆ ಗೋಡೆಯ ಮೇಲೆ ಹಸಿರೂ ನೀಲಿಯೂ ಕೂಡುವ ಕಡೆ ಹಿಂದೆಂದೂ ಕಾಣದ ಗೆರೆಯೊಂದು ನಿಂತಿತ್ತು. ನೋಡಿ, ಮನುಷ್ಯನ ಜಂಬ ಎಂಥದ್ದು: ಹೊಸ ಬಟ್ಟೆ ಹಾಕಿಸಿದ್ದಕ್ಕೇ ಇಷ್ಟು ಸ್ಪಷ್ಟವಾಗಿ ಕಂಡಿತು ಎಂದು ನಾನು ಬೀಗಿದೆ.

ಬೀಗಿದ್ದು ಒಂದು ಗಳಿಗೆ. ಆಮೇಲೆ ನಳಿಗೆಯ ಬಾಯಿ ಯಾವ ಕಡೆಗಿದೆ ಎಂದು ನೋಡಿದೆ. ಬೆಳಗಿನ ಆ ಹೊತ್ತಿಗೆ ಅಟ್ಟದಿಂದ ನೋಡಿದರೆ ಸೂರ್ಯ ನಿಂತಿರುವುದು ಚೆನ್ನಾಜಮ್ಮನವರ ಅಂಗಳದ ನೆತ್ತಿಯ ಮೇಲೆ.

ಚೆನ್ನಾಜಮ್ಮ ಊದುಬತ್ತಿ ಮಾಡಿಸುವವರು. ನಗಬೇಡಿ, ವಾಸನೆಯಿಲ್ಲದ ಊರಿನಲ್ಲಿ ಅದಕ್ಕಿಂತ ಬುದ್ಧಿವಂತಿಕೆಯ ಕಸುಬಿಲ್ಲ. ಬೇರೆ ಊರುಗಳಲ್ಲಿ ಬತ್ತಿ ಹೊಸೆಯುವ ಹೆಂಗಸರಿಗೆ ಮಧ್ಯಾಹ್ನದೊಳಗೆ ತಲೆ ಸಿಡಿಯುತ್ತದಂತೆ. ನಮ್ಮಲ್ಲಿ ಹದಿನಾರು ಜನ ಬೆಳಗಿನಿಂದ ಸಂಜೆಯವರೆಗೆ ಹರಟೆ ಹೊಡೆಯುತ್ತಾ ಹೊಸೆಯುತ್ತಾರೆ. ಗಂಡ ತೀರಿದ ಮೇಲೆ, ಮೈದುನರು ಮನೆಯಿಂದ ಹೊರಹಾಕಿದ ಮೇಲೆ, ಚೆನ್ನಾಜಮ್ಮ ಹನ್ನೊಂದು ವರ್ಷದ ಹಿಂದೆ ಒಂದು ಕಡಾಯಿ ಹೊತ್ತುಕೊಂಡು ಇಲ್ಲಿಗೆ ಬಂದವರು. ಹಾಲುಮಡ್ಡಿ ಎಂಬ ಮರದ ಅಂಟನ್ನು ಆ ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಸದಾ ಮೆತ್ತಗೆ ಇಟ್ಟಿರಬೇಕು. ಉರಿ ಆರಿದರೆ ಅದು ಕಲ್ಲಾಗುತ್ತದೆ. ಮೂರು ತಿಂಗಳು ಒಲೆ ಆರಿದರೆ ಸರಕು ಹೋಯಿತು, ಗಿರಾಕಿ ಹೋದರು, ಹದಿನಾರು ಹೆಂಗಸರ ದುಡಿಮೆ ಹೋಯಿತು. ಚೆನ್ನಾಜಮ್ಮ ಇನ್ನೊಂದು ಸಲ ಊರು ಬಿಡಬೇಕು.

ಆಕೆ ಅದೇ ವಾರ ಹೊಸ ಮಾಲಿಗೆ ದೊಡ್ಡ ಉರಿ ಹಚ್ಚಿದ್ದು ಊರಿಗೆಲ್ಲ ಗೊತ್ತಿತ್ತು. ನಾನು ದಿನಚರಿಯಲ್ಲಿ ಬರೆದದ್ದು ‘ಹೊಸ ಗೆರೆ, ಮೂಡಣ ದಿಕ್ಕು’ ಎಂದು ಮಾತ್ರ. ಹೆಸರನ್ನು ಊರೇ ಸೇರಿಸಿಕೊಂಡಿತು. ಎರಡನೆಯ ಬೆಳಿಗ್ಗೆಯೂ ಗೆರೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ನಲ್ಲಿಯ ಹತ್ತಿರ ಬತ್ತಿ ಹೊಸೆಯುವ ಹೆಂಗಸರಿಗೆ ಬೇರೆಯವರು ಜಾಗ ಬಿಟ್ಟು ನಿಲ್ಲತೊಡಗಿದ್ದರು. ಆ ಸಂಜೆ ನಮ್ಮವರು ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು, “ನಾಳೆ ಯಾರ ಹೆಸರು ಹೇಳ್ತೀಯ?”

“ಗೆರೆ ಯಾರ ತಲೆ ಮೇಲೆ ಕಾಣುತ್ತೋ ಅವರದು” ಎಂದೆ.

“ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ, ನೋಡ್ಕೊ.”

“ನನಗೇನು ಕೋಪ ಇಲ್ಲ.”

“ಇಲ್ದೇ ಇರಬೋದು. ಕೊಯ್ದ ಮೇಲೆ ಮೂಗಿಗೆ ಅದೆಲ್ಲ ಗೊತ್ತಾಗುತ್ತಾ?” ಎಂದು ದಾರ ಕಡಿದರು. ಅವರ ಮೇಲೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯ ಇತ್ತು. ತಪ್ಪು ಹೆಸರು ಹೇಳಿದರೆ ಒಂದು ಸಂಸಾರ ಬೀದಿಗೆ ಬರುತ್ತದೆ. ಹೆಸರು ಹೇಳದೆ ಬಿಟ್ಟು ಅದು ನಿಜವಾಗಿ ವಿಷವಾಗಿದ್ದರೆ ಇನ್ನೊಂದು ಬೀದಿ ಮಲಗಿದಲ್ಲೇ ಹೋಗುತ್ತದೆ. ನಾನು ಆ ದಿನ ಊಟ ಬಿಟ್ಟೆ.

ಮೂರನೆಯ ದಿನ ಮೋಡ ಬರಲಿಲ್ಲ. ಬೆಳಿಗ್ಗೆ ಗೆರೆಯನ್ನು ನೋಡಿ, ಅದರ ದಪ್ಪವನ್ನು ಕಾಗದದ ಅಂಚಿನ ಮೇಲೆ ಎರಡು ಗೀಟು ಹಾಕಿ ಗುರುತು ಮಾಡಿಟ್ಟೆ. ಹನ್ನೆರಡಾಗುವ ಹೊತ್ತಿಗೆ ಏಣಿಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಚೆನ್ನಾಜಮ್ಮ. ಕೈಯೆಲ್ಲ ಕಪ್ಪು ಹಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು.

“ಬನ್ನಿ, ಕೂತ್ಕೊಳ್ಳಿ” ಎಂದೆ.

“ಕೂರೋಕೆ ಬಂದಿಲ್ಲ ಬಿಸಿಲಮ್ಮ. ಎರಡು ದಿನದಿಂದ ಊರೆಲ್ಲ ನನ್ನ ಗೆರೆ, ನನ್ನ ಗೆರೆ ಅಂತಾರೆ, ನಾನೇ ಹಡೆದಂಗೆ. ಅದರ ಮುಖಾನಾದ್ರೂ ನೋಡ್ಬೇಕಲ್ಲ.”

ತೋರಿಸದೆ ಇರಲು ನನಗೆ ಕಾರಣ ಸಿಗಲಿಲ್ಲ. ನಳಿಗೆಯನ್ನು ನೆತ್ತಿಯ ಸೂರ್ಯನಿಗೆ ಎತ್ತಿ, ಕೆಳಗೆ ಬಿಳಿಯ ಹಲಗೆ ಇಟ್ಟೆ. ಬಣ್ಣದ ಪಟ್ಟಿ ಬಿತ್ತು. ಆಕೆ ಬಗ್ಗಿ ನೋಡಿದರು. ನಾನು ಬೆರಳು ತೋರಿಸಿದೆ.

“ಇದಾ? ಇಷ್ಟೇನಾ?”

“ಇಷ್ಟೇ.”

“ಎಳ್ಳಿನ ಮೂತಿ ಅಷ್ಟೂ ಇಲ್ಲ. ಇದಕ್ಕೆ ಹದಿನಾರು ಮನೆ ಉಪವಾಸ ಕೂರ್ಬೇಕಾ?” ಇನ್ನೊಮ್ಮೆ ಬಗ್ಗಿ ನೋಡಿ ಕೇಳಿದರು, “ಬೆಳಿಗ್ಗೆ ಹತ್ತರಿಂದ ಉರಿ ಅರ್ಧಕ್ಕರ್ಧ ಇಳಿಸಿದೀನಿ. ಇದೇನಾದ್ರೂ ಸಣ್ಣ ಆಯ್ತಾ? ನಿಜ ಹೇಳಿ.”

ನಾನು ಬೆಳಗಿನ ಕಾಗದವನ್ನು ತೆಗೆದು ಗೆರೆಯ ಪಕ್ಕಕ್ಕೆ ಹಿಡಿದೆ. ಎರಡು ಗೀಟುಗಳ ನಡುವೆ ಗೆರೆ ಸರಿಯಾಗಿ ಕೂತಿತು. ಸಣ್ಣ ಆಗಿರಲಿಲ್ಲ, ದಪ್ಪ ಆಗಿರಲಿಲ್ಲ, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಇನ್ನೊಂದು ಸಲ ಹಿಡಿದು ನೋಡಿದೆ.

ಬೆಳಗಿನ ಬಿಸಿಲು ಓರೆಯಾಗಿ, ಊರಿನ ಗಾಳಿಯನ್ನೆಲ್ಲ ಉದ್ದಕ್ಕೆ ಹಾದು ಬರುತ್ತದೆ. ಮಧ್ಯಾಹ್ನದ್ದು ನೇರವಾಗಿ ಇಳಿಯುತ್ತದೆ, ಗಾಳಿಯಲ್ಲಿ ಅದಕ್ಕೆ ದಾರಿ ಕಡಿಮೆ. ಹಾಗಾಗಿ ಗಾಳಿಯ ಗೆರೆ ಯಾವುದೇ ಇರಲಿ, ಬೆಳಿಗ್ಗೆ ದಪ್ಪಗಿದ್ದು ಮಧ್ಯಾಹ್ನಕ್ಕೆ ತೆಳ್ಳಗಾಗಲೇಬೇಕು. ಅದೂ ಅಲ್ಲದೆ ಸೂರ್ಯ ಈಗ ಚೆನ್ನಾಜಮ್ಮನವರ ಅಂಗಳದ ಮೇಲಿರಲಿಲ್ಲ, ನನ್ನ ನೆತ್ತಿಯ ಮೇಲಿದ್ದ. ಎರಡು ದಿನವೂ ಮೋಡ ಬಂದು ಮಧ್ಯಾಹ್ನದ ನೋಟ ತಪ್ಪಿಹೋಗಿತ್ತು. ನಾನು ಬೆಳಗಿನ ಒಂದೇ ನೋಟವನ್ನು ಹಿಡಿದುಕೊಂಡು ಕೂತಿದ್ದೆ. ಅತ್ತೆ ಕಲಿಸಿದ ಮೊದಲ ಪಾಠವೇ ಇದು. “ಗಾಳಿ ಗೆರೆ ಹಸಿವಿದ್ದಂಗೆ ಕಣೆ, ಹೊತ್ತಿಗೆ ತಕ್ಕಂಗೆ ಬದಲಾಗುತ್ತೆ. ಬದಲಾಗ್ದೇ ಇದ್ರೆ ಅದು ಸೂರ್ಯಂದು. ಸೂರ್ಯಂದೂ ಅಲ್ದಿದ್ರೆ ನಿಂದು.” ನಿಂದು ಎಂದರೆ ನಳಿಗೆಯದು. ಆಗ ನಕ್ಕಿದ್ದೆ.

“ಏನಾಯ್ತು?” ಎಂದರು ಚೆನ್ನಾಜಮ್ಮ.

“ಇದು ನಿಮ್ಮದಲ್ಲ ಅನ್ಸುತ್ತೆ” ಎಂದೆ. “ಆದ್ರೆ ಅನ್ಸಿದ್ದು ಸಾಲದು. ನಳಿಗೆನ ಮೂಗುಕಲ್ಲಿನಾಚೆ ತಗೊಂಡು ಹೋಗಿ ಅಲ್ಲಿನ ಗಾಳೀಲಿ ನೋಡ್ಬೇಕು. ಅಲ್ಲೂ ಗೆರೆ ಕಂಡ್ರೆ ನಿಮ್ಮ ಅಂಗಳಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಾಯ್ತು. ಒಬ್ಬಳ ಕೈಲಿ ಎತ್ತೋಕಾಗಲ್ಲ. ಬರ್ತೀರಾ?”

ಆಕೆಯ ಮುಖ ಬಾಡಿತು. ಒಲೆ ಉಳಿಯುತ್ತದೆ ಎಂದರೆ ಕುಣಿಯುತ್ತಾರೆ ಎಂದುಕೊಂಡಿದ್ದ ನನಗೆ ಅರ್ಥವಾಗಲಿಲ್ಲ. “ಕಲ್ಲಿನಾಚೆ ಹೋಗಿ ಹನ್ನೊಂದು ವರ್ಷ ಆಯ್ತು” ಎಂದರು. “ಸರಕು ಗಾಡೀಲಿ ಹೋಗುತ್ತೆ, ನಾನು ಹೋಗಲ್ಲ. ಅಳತೆ ಎಲ್ಲ ನೆನಪಿನ ಮೇಲೆ ಹಾಕೋದು, ಮಡ್ಡಿ ಇಷ್ಟು, ಲಾವಂಚ ಇಷ್ಟು, ಗಂಧದ ಪುಡಿ ಇಷ್ಟು ಅಂತ. ಗಿರಾಕಿ ಚೆನ್ನಾಗಿದೆ ಅಂತಾನೆ. ಅವನು ಮಾರೋನು, ಅವನಿಗೇನು ಗೊತ್ತು. ಅಲ್ಲಿ ಮೂಸಿದಾಗ ನನ್ನ ಮೂಗೇ ಇದು ಬೇಡ ಅಂದ್ಬಿಟ್ರೆ ವಾಪಸ್ ಬಂದು ಹೆಂಗೆ ಹೊಸೀಲಿ?”

“ಹಾಗಾದ್ರೆ ಬೇಡ, ನಾನು ಬೇರೆಯವರನ್ನ ಕರೀತೀನಿ.”

“ನನ್ನ ಒಲೆ ಉಳಿಸೋಕೆ ಬೇರೆ ಯಾರು ಬರ್ತಾರೆ? ನಡೀರಿ” ಎಂದು ಆಕೆಯೇ ನಳಿಗೆಯ ಒಂದು ತುದಿ ಹಿಡಿದರು.

ಒಂದು ಮೈಲಿ. ತಾಮ್ರದ ನಳಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಇಬ್ಬರು ಹೆಂಗಸರು ಸುಡುಬಿಸಿಲಲ್ಲಿ ಪೇಟೆ ಬೀದಿಯ ನಡುವೆ ಹೋಗುವುದನ್ನು ಊರು ಬಾಗಿಲಿಗೆ ಬಂದು ನೋಡಿತು. ಆಮೇಲೆ 'ಗೆರೆಯನ್ನು ಊರಾಚೆ ಬಿಟ್ಟುಬರಲು ಹೋದರು' ಎಂದು ಮಾತಾಡಿಕೊಂಡರಂತೆ. ಕಲ್ಲು ಹತ್ತಿರ ಬಂದಾಗ ನಾನು ಎಂದಿನಂತೆ ಸೆರಗಿನಿಂದ ಮೂಗು ಕಟ್ಟಿಕೊಂಡೆ. ವರ್ಷಕ್ಕೊಮ್ಮೆ ನಾನು ಹೊರಗಿನ ಗಾಳಿ ನೋಡಲು ಹೋಗುವುದುಂಟು, ಆದರೆ ಹುಟ್ಟಿದಾಗಿನಿಂದ ಇಲ್ಲೇ ಇದ್ದವಳಿಗೆ ವಾಸನೆ ಎಂದರೆ ಮುಖಕ್ಕೆ ಯಾರೋ ಅನುಮತಿಯಿಲ್ಲದೆ ಕೈಹಾಕಿದಂತೆ. ಯಾವುದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ತಲೆ ತಿರುಗುತ್ತದೆ.

ಕಲ್ಲು ದಾಟಿ ನಳಿಗೆಯನ್ನು ಬೇವಿನ ಮರದ ಕೆಳಗೆ ಇಳಿಸಿದೆವು. ಚೆನ್ನಾಜಮ್ಮ ಕಣ್ಣು ಮುಚ್ಚಿ ನಿಂತಿದ್ದರು. ನಾನು ಗಾಜು ಒರೆಸೋಣವೆಂದು ನಳಿಗೆಯ ತುದಿಯ ಮುಚ್ಚಳ ತಿರುಗಿಸಿ ತೆಗೆದೆ. ಸೆರಗು ಕಟ್ಟಿದ್ದರೂ ಏನೋ ಒಂದು ಬಂದು ಮೂಗಿನ ಬುಡಕ್ಕೆ ಚುಚ್ಚಿತು. ಒಂದರ ಹಿಂದೊಂದು ನಾಲ್ಕು ಸೀನು ಸೀನಿದೆ. ಕಣ್ಣಲ್ಲಿ ನೀರು ಸುರಿಯಿತು. ಇದೇ ಆ ವಿಷ, ನಳಿಗೆಯೊಳಗೆ ಊರಿನಿಂದ ಹೊತ್ತು ತಂದಿದ್ದೇವೆ ಎಂದು ಹೆದರಿ ದೂರ ಸರಿದೆ. “ಹತ್ತಿರ ಹೋಗಬೇಡಿ ಚೆನ್ನಾಜಮ್ಮ” ಎಂದು ಕೂಗಿದೆ.

ಆಕೆ ಹತ್ತಿರ ಹೋದರು. ನಳಿಗೆಯ ಬಾಯಿಗೆ ಮೂಗಿಟ್ಟರು. ಎದ್ದು ನಿಂತಾಗ ಅವರ ಮುಖದಲ್ಲಿದ್ದದ್ದು ಭಯವಲ್ಲ. ಬಹಳ ದಿನದ ಮೇಲೆ ತವರಿನವರು ಯಾರನ್ನೋ ಸಂತೆಯಲ್ಲಿ ಕಂಡ ಹಾಗಿತ್ತು.

“ನುಸಿಗುಳಿಗೆ” ಎಂದರು.

“ಹಾಗಂದ್ರೆ?”

“ನುಸಿಗುಳಿಗೆ ಕಣ್ರೀ. ಬಟ್ಟೆ ಪೆಟ್ಟಿಗೇಲಿ ಇಡ್ತಾರಲ್ಲ, ಬೆಳ್ಳಗೆ, ಗೋಲಿ ಥರ. ನುಸಿ ಹತ್ತಬಾರ್ದು ಅಂತ. ನಮ್ಮಮ್ಮನ ರೇಷ್ಮೆ ಸೀರೆ ಎಲ್ಲ ಇದೇ ವಾಸನೆ.”

ನಾನು ಕೇಳಿರಲಿಲ್ಲ. ನಮ್ಮೂರಲ್ಲಿ ಬಟ್ಟೆಗೆ ಬೇವಿನ ಎಲೆ ಇಡುತ್ತೇವೆ, ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಆಕೆ ತೋಳು ಮೊಣಕೈವರೆಗೆ ಒಳಗೆ ಹಾಕಿ ಮಕಮಲ್ ಬಟ್ಟೆಯನ್ನು ಎಳೆದು ತೆಗೆದರು. ಅಂಚನ್ನು ಬೆರಳಲ್ಲಿ ಒತ್ತುತ್ತಾ ಹೋಗಿ ಒಂದು ಕಡೆ ನಿಂತರು. ಹೊಲಿಗೆ ಬಿಚ್ಚಿದಾಗ ಕಡಲೆಕಾಳಿನಷ್ಟು ಸವೆದ ಬಿಳಿಯ ಗುಳಿಗೆಯೊಂದು ಅವರ ಕಪ್ಪು ಅಂಗೈ ಮೇಲೆ ಬಿತ್ತು. ಅದು ನಾಲ್ಕಾರು ದಿನದಿಂದ ಮುಚ್ಚಿದ ನಳಿಗೆಯೊಳಗೆ ಕರಗಿ ಆವಿಯಾಗುತ್ತಾ, ಆವಿ ಸಾಕಷ್ಟು ತುಂಬಿದ ಮೇಲೆ ಬಂದ ಬಿಸಿಲಿನಿಂದ ತನ್ನ ಸುಂಕ ಕಿತ್ತುಕೊಳ್ಳುತ್ತಾ ಕೂತಿತ್ತು. ಬೇರೆ ಯಾವ ಊರಿನಲ್ಲಾದರೂ ಮುಚ್ಚಳ ತೆಗೆದವರಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಮರದ ಬುಡದಲ್ಲಿ ಕೂತೆ. ವಿಷವಿಲ್ಲ. ಯಾರೂ ಮಲಗಿದಲ್ಲೇ ಸಾಯುವುದಿಲ್ಲ. ಯಾರೂ ಕಡಾಯಿ ಹೊತ್ತು ಊರು ಬಿಡಬೇಕಾಗಿಲ್ಲ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಸೀನಂತೂ ನಿಂತಿರಲಿಲ್ಲ.

ಚೆನ್ನಾಜಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಗುಳಿಗೆಯನ್ನು ದೂರ ಎಸೆದು ಬಂದು, ಇನ್ನೊಂದು ಅಂಗೈಯನ್ನು, ಬೆಳಗಿನಿಂದ ಹಿಟ್ಟು ಕಲಸಿದ್ದ ಕೈಯನ್ನು, ನಿಧಾನವಾಗಿ ಮೂಗಿನ ಹತ್ತಿರ ತಂದರು. ಹತ್ತಿರ ತಂದು ನಿಲ್ಲಿಸಿದರು. ಮತ್ತೆ ತಂದರು. ಬಹಳ ಹೊತ್ತು ಹಾಗೇ ಇದ್ದರು.

“ಹೇಗಿದೆ?” ಎಂದು ಕೇಳಲು ನನಗೆ ಧೈರ್ಯ ಬೇಕಾಯಿತು.

“ಲಾವಂಚ ಒಂದು ಚೂರು ಮುಂದಾಗಿದೆ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಂದೇ ಚೂರು. ಮಿಕ್ಕಿದ್ದೆಲ್ಲ ಸರಿ ಇದೆ ಬಿಸಿಲಮ್ಮ. ಎಲ್ಲ ಸರಿ ಇದೆ.” ಆಮೇಲೆ ಅದೇ ಕೈಯನ್ನು ನನ್ನ ಮುಂದೆ ಹಿಡಿದರು. ನಾನು ಸೆರಗು ಸರಿಸಿ ಮೂಸಿದೆ. ಅದು ಹೇಗಿತ್ತು ಎಂದು ಹೇಳಲು ನನ್ನ ಹತ್ತಿರ ಮಾತಿಲ್ಲ, ಇದ್ದರೂ ನಮ್ಮೂರಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಮುಖಕ್ಕೆ ಯಾರೋ ಕೈಹಾಕಿದಂತೆ ಅನ್ನಿಸಲಿಲ್ಲ.

ನಳಿಗೆಗೆ ಚೆನ್ನಾಗಿ ಗಾಳಿ ಆಡಿಸಿ, ಹಳೆಯ ಬೂದು ಬಟ್ಟೆಯನ್ನೇ ಹಾಕಿ, ಸೂರ್ಯ ಇಳಿಯುವ ಹೊತ್ತಿಗೆ ಅಟ್ಟದಲ್ಲಿ ನಿಲ್ಲಿಸಿದೆ. ಅಧ್ಯಕ್ಷ ದೊಡ್ಡಮಲ್ಲಯ್ಯನವರು ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ಬಂದರು. ಹಿಂದೆ ನೀರಿನ ಕೊಡ ಹೊತ್ತ ಜವಾನ. ಅವನ ಹಿಂದೆ ಅಟ್ಟ ತಡೆಯುವಷ್ಟು ಜನ, ಅವರಲ್ಲಿ ಬತ್ತಿ ಹೊಸೆಯುವ ಹದಿನಾರು ಹೆಂಗಸರೂ ಇದ್ದರು. ಸಂಜೆಯ ಓರೆ ಬಿಸಿಲು ಗೋಡೆಯ ಮೇಲೆ ಬಿತ್ತು. ಲಾರಿಗಳ ಬಾಚಣಿಗೆ ಎಂದಿನಂತೆ ದಪ್ಪಗಿತ್ತು, ಇಟ್ಟಿಗೆ ಗೂಡಿನ ಮೆಟ್ಟಿಲೂ ಇತ್ತು. ಹಸಿರೂ ನೀಲಿಯೂ ಕೂಡುವ ಕಡೆ ಏನೂ ಇರಲಿಲ್ಲ, ಬಣ್ಣ ಒಂದರಿಂದ ಒಂದಕ್ಕೆ ಸರಾಗವಾಗಿ ಹೋಗುತ್ತಿತ್ತು.

ದೊಡ್ಡಮಲ್ಲಯ್ಯನವರು ಕನ್ನಡಕ ಒರೆಸಿ ನೋಡಿದರು. “ಗೆರೆನೇ ಇಲ್ವಲ್ಲ” ಎಂದರು.

“ಇಲ್ಲ.”

“ಆದ್ರೂ ದಿನಚರೀಲಿ ಬರೆದಾಗಿದೆ. ಕೇಳೋದು ಕೇಳ್ಬೇಕು.” ಗಂಟಲು ಸರಿಮಾಡಿಕೊಂಡು ಕೇಳಿದರು, “ಗೆರೆ ಯಾರದು?”

ಯಾರದೂ ಅಲ್ಲ, ಹೋಯಿತು ಎನ್ನಬಹುದಿತ್ತು. ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನಾಳೆ ನಲ್ಲಿಯ ಹತ್ತಿರ ಏನು ಮಾತಾಡುತ್ತಾರೆ ಎಂದು ನನಗೆ ಗೊತ್ತಿತ್ತು: ಉರಿ ಇಳಿಸಿದಳು, ಗೆರೆ ಹೋಯಿತು, ಅವಳದೇ. ಆ ಮಾತಿಗೆ ಆಮೇಲೆ ಯಾವ ನಳಿಗೆಯೂ ಉತ್ತರ ಕೊಡಲಾರದು.

“ನಂದು” ಎಂದೆ.

ಎರಡನೆಯ ಸಲ ಹೇಳಬೇಕಾಯಿತು. ಆಮೇಲೆ ಬಟ್ಟೆಯ ಅಂಚನ್ನು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಮೋಡವಿತ್ತು ಎಂದು ಒಂದೇ ನೋಟಕ್ಕೆ ನಂಬಿ ಕೂತದ್ದು ನನ್ನ ತಪ್ಪು ಎಂದೂ ಹೇಳಿದೆ. ಬಾಗಿಲ ಹತ್ತಿರ ನಿಂತಿದ್ದ ನಮ್ಮವರ ಮುಖ ಕೆಂಪಾಯಿತು. “ಮಡಿಕೇಲಿ ಸಿಕ್ಕಿತ್ತು ಕಣೆ ಅದು. ಬಟ್ಟೆ ಇಳಿಬೀಳ್ಲಿ ಅಂತ ಭಾರಕ್ಕೆ ಇಟ್ಟಿರ್ತಾರೆ ಅಂದ್ಕೊಂಡು ಅಂಚಲ್ಲೇ ಸೇರಿಸಿ ಹೊಲಿದೆ. ಪರದೆಗೆ ಇಡಲ್ವಾ” ಎಂದರು. ಹದಿನಾರು ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಅಟ್ಟವೆಲ್ಲ ನಕ್ಕಿತು. ಮೂರು ದಿನದಿಂದ ಉಸಿರು ಬಿಗಿಹಿಡಿದಿದ್ದವರ ನಗು ಅದು, ನಿಲ್ಲಲು ಹೊತ್ತು ಹಿಡಿಯಿತು.

ದೊಡ್ಡಮಲ್ಲಯ್ಯನವರು ಮಾತ್ರ ನಗಲಿಲ್ಲ. “ಕಟ್ಟಳೆ ಕಟ್ಟಳೇನೇ” ಎಂದರು. “ಗೆರೆ ನಿಮ್ಮದು ಅಂದ್ಮೇಲೆ ಒಲೆ ನಿಮ್ಮದು. ಎರಡು ದಿನ ಪೂರ್ತಿ, ಇವತ್ತು ಅರ್ಧ. ಎರಡೂವರೆ ತಿಂಗಳು.” ಜವಾನ ಕೊಡ ಎತ್ತಿಕೊಂಡು ನಮ್ಮ ಮನೆಯ ಕಡೆ ತಿರುಗಿದ. ಅಡುಗೆಮನೆಯಲ್ಲಿ ನಾನು ಬೆಳಿಗ್ಗೆ ಹೊತ್ತಿಸಿ ಬೂದಿ ಮುಚ್ಚಿಟ್ಟಿದ್ದ ಕೆಂಡದ ಮೇಲೆ ಅಧ್ಯಕ್ಷರೇ ಕೈಯಾರೆ ನೀರು ಹಾಕಿದರು. ಬುಸ್ಸೆಂದು ಹಬೆ ಎದ್ದಿತು. ಅವಮಾನವಾಗಬೇಕಿತ್ತು. ಆದರೆ ಬೆನ್ನ ಮೇಲಿನಿಂದ ಏನೋ ಇಳಿದ ಹಾಗಿತ್ತು, ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಹೊರಗೆ ಜಗುಲಿಯ ಮೇಲೆ ಹದಿನಾರು ಹೆಂಗಸರು ಸೋಮವಾರ ಯಾರ ಮನೆಯ ಊಟ, ಮಂಗಳವಾರ ಯಾರದು ಎಂದು ಜಗಳ ಆಡುತ್ತಿದ್ದರು.

ಮೊದಲ ದಿನ ತನ್ನದು ಎಂದು ಚೆನ್ನಾಜಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕುಕ್ಕೆ ಹೊತ್ತು ಬಂದರು, ಮುದ್ದೆ, ಬಸ್ಸಾರು, ಉಪ್ಪಿನಕಾಯಿ. ಎರಡು ಎಲೆ ಹಾಕಿದರು.

“ಕೊಡಿ, ಇವರಿಗೆ ಬಡಿಸ್ತೀನಿ. ನಾನು ಆಮೇಲೆ ಕೂರ್ತೀನಿ” ಎಂದು ಎದ್ದೆ.

“ಒಲೆ ಆರಿದ ಮನೇಲಿ ಸೌಟು ನಿಮ್ಮದಲ್ಲ” ಎಂದು ನನ್ನ ಭುಜ ಒತ್ತಿ ಕೂರಿಸಿದರು.

ಮುದ್ದೆಗೆ ಬೆರಳಿಟ್ಟೆ. ಸುಟ್ಟಿತು, ಕೈ ಹಿಂದಕ್ಕೆ ತೆಗೆದೆ. ಮುದ್ದೆ ಕಟ್ಟುವಾಗಿನ ಬಿಸಿ ನನಗೆ ಚೆನ್ನಾಗಿ ಗೊತ್ತು. ಉಣ್ಣುವಾಗಿನ ಬಿಸಿ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮೂವತ್ತೆರಡು ವರ್ಷ, ಮಾವನಿಗೆ, ಅತ್ತೆಗೆ, ಇವರಿಗೆ, ಮಕ್ಕಳಿಗೆ ಬಡಿಸಿ, ಪಾತ್ರೆ ಎತ್ತಿಟ್ಟು ನಾನು ಕೂರುವಷ್ಟರಲ್ಲಿ ಮುದ್ದೆ ತಣ್ಣಗಾಗಿರುತ್ತಿತ್ತು. ಇನ್ನೊಂದು ಸಲ ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಬಿಸಿ ಇಳಿದದ್ದು ತಿಳಿಯಿತು. ಕಣ್ಣಲ್ಲಿ ನೀರು ಬಂತು. ಖಾರ ಮುಂದಾಗಿದೆ ಎಂದೆ. ಖಾರ ಸರಿಯಾಗಿಯೇ ಇತ್ತು. ಚೆನ್ನಾಜಮ್ಮ ಇನ್ನೊಂದು ಸೌಟು ಸಾರು ಹಾಕಿದರು.

ನಮ್ಮವರು ತಮ್ಮ ಎಲೆಯಿಂದ ತಲೆ ಎತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಎರಡೂವರೆ ತಿಂಗಳಿದೆಯಲ್ಲ” ಎಂದರು. “ನಿಧಾನಕ್ಕೆ ಉಣ್ಣು.”